ಗಾನದಲ್ಲಿ ಶ್ರೇಯಸ್ಸು, ಪ್ರೇಯಸ್ಸು

ನವರಾತ್ರಿಯ ಮೂಲಾ ನಕ್ಷತ್ರದಂದು ನಮ್ಮ ಮನೆಗಳಲ್ಲಿ ಸರಸ್ವತಿಯನ್ನು ಆವಾಹಿಸುವುದುಂಟು. ಮಣೆಯ ಮೇಲೆ ಪುಸ್ತಕಗಳನ್ನು ಒಪ್ಪವಾಗಿ ಜೋಡಿಸಿ, ಮಡಿವಸ್ತ್ರ ಹೊದಿಸಿ, ಹೂವೇರಿಸಿ ಪೂಜಿಸುತ್ತೇವೆ. ಸಂಗೀತ ಬಲ್ಲವರ ಮನೆಯಾದರೆ ವೀಣೆಯೋ ತಂಬೂರಿಯೋ ಆ ಪುಸ್ತಕಗಳ ಪಕ್ಕದಲ್ಲಿ ವಿರಾಜಿಸುತ್ತದೆ. ವಿಜಯದಶಮಿಯಂದು ಪುನಃ ಕೈಗೆತ್ತಿಕೊಳ್ಳುವವರೆಗೆ ಓದುವಂತಿಲ್ಲ, ನುಡಿಸುವಂತಿಲ್ಲ. ಊರು ಬಿಟ್ಟು ಬಂದು ಎರಡು ಕೋಣೆಗಳ ಮನೆಯಲ್ಲಿ ಸಂಸಾರ ಹೂಡಿದವರೂ ಈ ಪದ್ಧತಿಯನ್ನು ಕೈಬಿಟ್ಟಿಲ್ಲ. ಚಿಕ್ಕಂದಿನಲ್ಲಿ ಇದು ನಮಗೆ ಓದಿನಿಂದ ದೊರೆತ ಬಿಡುವಾಗಿ ಮಾತ್ರ ಕಾಣುತ್ತಿತ್ತು. ವಯಸ್ಸಾದಂತೆ ಇದರೊಳಗಿನ ಅರ್ಥ ಬೇರೆಯೆನಿಸತೊಡಗಿದೆ. ವರ್ಷವಿಡೀ ನಾವು ಬಳಸುವ ಸಾಧನ ನಮ್ಮದಲ್ಲ, ಅದು ದೇವಿಯದು; ಎರಡು ದಿನ ಅದನ್ನು ಅವಳಿಗೆ ಒಪ್ಪಿಸಿ, 'ಇದನ್ನು ಈ ವರ್ಷ ಯಾತಕ್ಕೆ ಬಳಸಿದೆ?' ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವ ಅವಕಾಶವಿದು. ವಿದ್ಯಾರ್ಥಿಗೆ, ಲೇಖಕನಿಗೆ, ವೈದಿಕನಿಗೆ ಈ ಪ್ರಶ್ನೆ ಹೇಗೋ ಹಾಗೆಯೇ ಗಾಯಕನಿಗೂ. ಸಾವಿರ ಹಾಡುಗಳಿರುವಾಗ ನಾನು ಇದನ್ನೇ ಏಕೆ ಹಾಡಿದೆ? ಯಾರಿಗಾಗಿ ಹಾಡಿದೆ?

ಈ ಪ್ರಶ್ನೆ ನನ್ನ ಮನಸ್ಸನ್ನು ಹೊಕ್ಕದ್ದು ನಮ್ಮ ದಸರಾ ಉತ್ಸವದ ಒಂದು ಸಂಜೆ. ಆಗ ನಾನು ಉತ್ಸವ ಸಮಿತಿಯಲ್ಲಿದ್ದೆ. ಮೈಸೂರಿನ ಕಡೆಯಿಂದ ಬಂದಿದ್ದ ವೃದ್ಧ ವಿದ್ವಾಂಸರೊಬ್ಬರ ಗಾಯನವಿತ್ತು. ವರ್ಣ, ಕೃತಿಗಳು, ವಿಸ್ತಾರವಾದ ರಾಗಾಲಾಪನೆ, ತನಿ ಆವರ್ತನ ಎಲ್ಲವೂ ಮುಗಿದ ಮೇಲೆ, ವಾಡಿಕೆಯಂತೆ, ಸಭಿಕರಿಂದ ಬಂದ ಚೀಟಿಗಳನ್ನು ನಾನೇ ಒಟ್ಟುಮಾಡಿ ಅವರ ಮುಂದಿಟ್ಟೆ. ಹತ್ತು ಚೀಟಿಗಳಲ್ಲಿ ಆರರಲ್ಲಿ ಒಂದೇ ದೇವರನಾಮದ ಹೆಸರಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು ಎಲ್ಲವನ್ನೂ ಓದಿ, ನಸುನಕ್ಕು, ಆ ಹಾಡನ್ನೇ ಹಾಡಿದರು. ಸಭೆ ತಲೆದೂಗಿತು, ಹಿಂದಿನ ಸಾಲಿನವರು ದನಿಗೂಡಿಸಿದರು. ಊಟದ ಹೊತ್ತಿನಲ್ಲಿ ಅವರ ಎಲೆಯ ಪಕ್ಕದಲ್ಲೇ ಕುಳಿತಿದ್ದ ನಾನು, "ಚೀಟಿ ಬಾರದೇ ಇದ್ದಿದ್ದರೆ ತಾವು ಏನು ಹಾಡುತ್ತಿದ್ದಿರಿ?" ಎಂದು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಮ್ಮ ಗುರುಗಳು ಹೇಳಿಕೊಟ್ಟ ಒಂದು ಸುಳಾದಿ ಇದೆ ಸ್ವಾಮೀ. ವೇದಿಕೆಯ ಮೇಲೆ ಹಾಡಿ ಇಪ್ಪತ್ತು ವರ್ಷವಾಯಿತು. ಮರೆತುಹೋಗಬಾರದೆಂದು ಬೆಳಿಗ್ಗೆ ದೇವರ ಮುಂದೆ ಹೇಳಿಕೊಳ್ಳುತ್ತೇನೆ" ಎಂದರು.

ಸುಳಾದಿಯೆಂದರೇನೆಂಬುದನ್ನು ಎಲ್ಲ ವಾಚಕರೂ ಬಲ್ಲರೆಂದು ಭಾವಿಸುವಂತಿಲ್ಲ. ಹರಿದಾಸರು ಪದ, ಉಗಾಭೋಗಗಳ ಜೊತೆಗೆ ರಚಿಸಿದ ಪ್ರೌಢ ಪ್ರಬಂಧವದು. ಒಂದೇ ಹಾಡಿನೊಳಗೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮುಂತಾದ ತಾಳಗಳು ಒಂದರ ಹಿಂದೊಂದರಂತೆ ಬಂದು, ತತ್ತ್ವವಿಚಾರವೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಕೊನೆಗೆ 'ಜತೆ' ಎಂಬ ಎರಡು ಸಾಲುಗಳಲ್ಲಿ ಮುಕ್ತಾಯವಾಗುತ್ತದೆ. ಪುರಂದರದಾಸರಿಂದ ವಿಜಯದಾಸರವರೆಗೆ ದಾಸರು ಇಂಥ ಸುಳಾದಿಗಳನ್ನು ಹೇರಳವಾಗಿ ರಚಿಸಿದ್ದಾರೆ. ಇಂದು ಕಛೇರಿಯಲ್ಲಿ ಒಂದು ಸುಳಾದಿ ಕೇಳಿಬರುವುದು ಅಪರೂಪ. ಅದನ್ನು ಕೇಳಿ ಚೀಟಿ ಬರೆಯುವವರು ಅದಕ್ಕಿಂತಲೂ ಅಪರೂಪ.

ಆ ಹಿರಿಯರ ಮಾತಿನಲ್ಲಿ ದೂರಿರಲಿಲ್ಲ. ಆದರೂ ಅದು ನನ್ನನ್ನು ಚುಚ್ಚಿತು. ಸಭೆ ಬೇಡಿದ್ದನ್ನು ಕೊಟ್ಟದ್ದು ತಪ್ಪೆ? ಗುರು ಕೊಟ್ಟದ್ದನ್ನು ಸಭೆಗೆ ಕೊಡದೆ ಉಳಿಸಿಕೊಂಡದ್ದು ತಪ್ಪೆ? ಅಥವಾ ತಪ್ಪು ಚೀಟಿ ಬರೆದ ನಮ್ಮದೆ?

ಕಠೋಪನಿಷತ್ತಿನಲ್ಲಿ ಯಮಧರ್ಮನು ನಚಿಕೇತನಿಗೆ ಹೇಳುವ ಮೊದಲ ವಿವೇಕವೆಂದರೆ ಶ್ರೇಯಸ್ಸು ಪ್ರೇಯಸ್ಸುಗಳ ಭೇದ. ಒಳಿತಾದುದು ಒಂದು, ಹಿತವೆನಿಸುವುದು ಮತ್ತೊಂದು. ಎರಡೂ ಮನುಷ್ಯನ ಬಳಿಗೆ ಬರುತ್ತವೆ. ಧೀರನು ಅವೆರಡನ್ನೂ ಬೇರ್ಪಡಿಸಿ ನೋಡಿ ಒಳಿತನ್ನು ಆರಿಸಿಕೊಳ್ಳುತ್ತಾನೆ. ಇದು ನಮಗೆಲ್ಲ ಪರಿಚಿತವಾದ ಉಪದೇಶ. ಆದರೆ ಅದಕ್ಕೆ ಮುಂಚಿನ ಒಂದು ಪ್ರಸಂಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಯಮನು ಬಾಲಕನನ್ನು ಪರೀಕ್ಷಿಸಲು ದೀರ್ಘಾಯುಸ್ಸು, ಸಂಪತ್ತು, ರಥ, ವಾದ್ಯಗಳೊಡನೆ ಬಂದ ಸುಂದರಿಯರು ಎಲ್ಲವನ್ನೂ ಒಡ್ಡುತ್ತಾನೆ. ನಚಿಕೇತನು, ನಿನ್ನ ವಾಹನಗಳೂ ನೃತ್ಯಗೀತಗಳೂ ನಿನ್ನಲ್ಲೇ ಇರಲಿ ಎಂಬರ್ಥದಲ್ಲಿ ಅವನ್ನು ಹಿಂದಿರುಗಿಸುತ್ತಾನೆ. ಅಂದರೆ ಉಪನಿಷತ್ತು ಗೀತವನ್ನು ಎಣಿಸಿರುವುದು ಪ್ರೇಯಸ್ಸಿನ ಪಟ್ಟಿಯಲ್ಲಿ!

ಆದರೆ ನಮ್ಮ ನಾಡಿನ ಹರಿದಾಸರು ಅದೇ ಗೀತವನ್ನು ಕೈಗೆತ್ತಿಕೊಂಡು, ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತ ಬೀದಿಯಲ್ಲಿ ನಡೆದು, ಅದನ್ನೇ ಶ್ರೇಯಸ್ಸಿನ ಹಾದಿ ಮಾಡಿದರು. ಹಾಗಾದರೆ ಗೀತವು ಸ್ವತಃ ಶ್ರೇಯಸ್ಸೂ ಅಲ್ಲ, ಪ್ರೇಯಸ್ಸೂ ಅಲ್ಲ. ಅದನ್ನು ಎರಡರಲ್ಲೊಂದಾಗಿ ಮಾಡುವುದು ಆರಿಸುವವನ ಮನಸ್ಸು. ಪ್ರಶ್ನೆ ಹಾಡಿನದಲ್ಲ, ಆಯ್ಕೆಯದು.

ಇಲ್ಲಿ ಸುಲಭವಾದ ಎರಡು ಉತ್ತರಗಳು ಎದುರಾಗುತ್ತವೆ. ಎರಡನ್ನೂ ಪರೀಕ್ಷಿಸಿ ನೋಡಬೇಕು.

ಮೊದಲನೆಯದು ಪಂಡಿತರ ಉತ್ತರ. ಜನಪ್ರಿಯವಾದುದೆಲ್ಲ ಪ್ರೇಯಸ್ಸು, ಅಪರೂಪವಾದುದೆಲ್ಲ ಶ್ರೇಯಸ್ಸು. ಆದುದರಿಂದ ನಿಜವಾದ ಗಾಯಕನು ಜನಪ್ರಿಯ ಹಾಡುಗಳನ್ನು ದೂರವಿಡಬೇಕು ಎಂಬುದು ಅವರ ವಾದ. ಈ ವಾದ ಪುರಂದರದಾಸರ ಮುಂದೆಯೇ ನಿಲ್ಲಲಾರದು. ಸಂಸ್ಕೃತ ಬಲ್ಲವರ ಸೊತ್ತಾಗಿದ್ದ ತತ್ತ್ವವನ್ನು ನೀರು ತರುವ ಹೆಂಗಸಿನ, ಸಂತೆಗೆ ಹೋಗುವ ರೈತನ ನಾಲಗೆಗೆ ತರಬೇಕೆಂದೇ ಅವರು ಆಡುನುಡಿಯನ್ನು ಆರಿಸಿಕೊಂಡರು. ಜನಪ್ರಿಯವಾಗುವುದು ಅವರ ಹಾಡಿನ ದೋಷವಾಗಿರಲಿಲ್ಲ, ಅದರ ಉದ್ದೇಶವೇ ಆಗಿತ್ತು. ಅದೇ ಪುರಂದರದಾಸರನ್ನು ಸಂಗೀತ ವಿದ್ಯಾರ್ಥಿಗಳು ಪಿತಾಮಹರೆಂದು ನಮಸ್ಕರಿಸುತ್ತಾರೆ. ಮಾಯಾಮಾಳವಗೌಳದ ಸರಳೆವರಸೆಯೂ, ಮಲಹರಿಯ ಪಿಳ್ಳಾರಿ ಗೀತೆಗಳೂ ಅವರ ಹೆಸರಿನಿಂದಲೇ ನಮಗೆ ಬಂದಿವೆ. ಒಬ್ಬರೇ ಮಹಾನುಭಾವರು ಮಗುವಿಗೆ ಪಾಠವನ್ನೂ, ಬೀದಿಗೆ ಪದವನ್ನೂ, ಪಂಡಿತನಿಗೆ ಸುಳಾದಿಯನ್ನೂ ಕೊಟ್ಟರು. ಮೂರರ ನಡುವೆ ಅವರು ಗೋಡೆ ಕಟ್ಟಲಿಲ್ಲ.

ಅಪರೂಪದ್ದನ್ನು ಹಾಡುವುದರಲ್ಲೂ ಒಂದು ಪ್ರೇಯಸ್ಸು ಅಡಗಿರಬಹುದೆಂಬುದನ್ನು ಮರೆಯಬಾರದು. 'ಇದು ಯಾರಿಗೂ ಬಾರದ ರಾಗ' ಎಂಬ ಹೆಮ್ಮೆಯಿಂದ ಹಾಡಿದ ಅಪೂರ್ವ ರಾಗವು ಚಪ್ಪಾಳೆಗಾಗಿ ಹಾಡಿದ ಲಘುಗೀತೆಗಿಂತ ಮೇಲಾದುದೇನಲ್ಲ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಅಪ್ರಚಲಿತ ರಾಗಗಳಿಗೆ ಹೆಸರಾದವರು. ಮಂಜೀಖಾನರಿಂದ, ಅವರು 1937ರಲ್ಲಿ ತೀರಿಕೊಂಡ ಮೇಲೆ ಭೂರ್ಜಿಖಾನರಿಂದ ಪಡೆದ ಆ ಸಂಪತ್ತನ್ನು ಅವರು 1992ರಲ್ಲಿ ತಮ್ಮ ಜೀವಿತದ ಕೊನೆಯವರೆಗೆ ಕಾಪಾಡಿಕೊಂಡು ಬಂದರು. ಆದರೆ ಅವರೇ ಶಿವಶರಣರ ವಚನಗಳನ್ನು ಹಾಡಿ ಸಾಮಾನ್ಯರ ಕಣ್ಣಲ್ಲೂ ನೀರು ತರಿಸಿದರು. ಅಪರೂಪದ ರಾಗವನ್ನು ಹಾಡುವಾಗ ಇದ್ದ ತನ್ಮಯತೆ ವಚನವನ್ನು ಹಾಡುವಾಗಲೂ ಇತ್ತು. ಎಲ್ಲಿ ತನ್ಮಯತೆ ಸಮನಾಗಿದೆಯೋ ಅಲ್ಲಿ ಹೆಚ್ಚು ಕಡಿಮೆಗಳ ಲೆಕ್ಕ ನಿಲ್ಲುವುದಿಲ್ಲ.

ಶ್ರೇಯಸ್ಸನ್ನು ಬಲವಂತವಾಗಿ ಉಣಿಸಹೊರಟರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ನಿದರ್ಶನವಿದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ನಿಜವಾದ ಹಿತೈಷಿಗಳು. ಅವರ ಕಾಲದಲ್ಲಿ ಆಕಾಶವಾಣಿಯು ಎಷ್ಟೋ ವಿದ್ವಾಂಸರಿಗೆ ಆಸರೆಯಾಯಿತು. ಅವರು ಚಲನಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಬಗೆದು ಅವುಗಳನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ಹೊರಗಿಟ್ಟರು. ಫಲವೇನಾಯಿತು? ಜನ ರೇಡಿಯೋವಿನ ಗುಂಡಿ ತಿರುಗಿಸಿ ಸಿಂಹಳದ ನಿಲಯವನ್ನು ಹಚ್ಚಿದರು. ಪ್ರತಿವಾರ ಮೆಚ್ಚಿನ ಹಾಡುಗಳ ಪಟ್ಟಿ ಹೇಳುವ ಕಾರ್ಯಕ್ರಮಕ್ಕಾಗಿ ಬೀದಿಬೀದಿಗಳಲ್ಲಿ ಜನ ಕಾದು ನಿಂತರು. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧಭಾರತಿಯನ್ನು ಆರಂಭಿಸಿ ಆ ಹಾಡುಗಳನ್ನು ಬರಮಾಡಿಕೊಳ್ಳಬೇಕಾಯಿತು. ಸಚಿವರ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ ಶ್ರೇಯಸ್ಸನ್ನು ಆರಿಸಿಕೊಳ್ಳಬೇಕಾದವನು ಕೇಳುವವನು. ಅವನ ಪರವಾಗಿ ಮತ್ತೊಬ್ಬನು ಆರಿಸಿದಾಗ ಅದು ಆಯ್ಕೆಯಾಗಿ ಉಳಿಯುವುದಿಲ್ಲ. ಯಮನು ಕೂಡ ನಚಿಕೇತನಿಗೆ ಎರಡನ್ನೂ ತೋರಿಸಿದನೇ ಹೊರತು ಒಂದನ್ನು ಮುಚ್ಚಿಡಲಿಲ್ಲ.

ಎರಡನೆಯ ಉತ್ತರ ವ್ಯವಹಾರಸ್ಥರದು. ಜನ ದುಡ್ಡು ಕೊಟ್ಟು ಬಂದಿದ್ದಾರೆ, ಜನ ಬೇಡಿದ್ದನ್ನು ಕೊಡಬೇಕು; ಕಲಾವಿದನು ಜನರ ಸೇವಕ ಎಂದು ಅವರು ಹೇಳುತ್ತಾರೆ. ಇದರಲ್ಲಿ ವಿನಯವಿದ್ದಂತೆ ತೋರುತ್ತದೆ. ಆದರೆ ಜನರ ಬೇಡಿಕೆ ಎಲ್ಲಿಂದ ಬಂತೆಂದು ಕೇಳಿದರೆ ಈ ಉತ್ತರವೂ ಸಡಿಲಾಗುತ್ತದೆ. ಜನ ಬೇಡುವುದು ತಾವು ಕೇಳಿದ್ದನ್ನು. ಕೇಳದಿರುವುದನ್ನು ಬೇಡುವುದಾದರೂ ಹೇಗೆ? ಇಂದು ನಾವು ಚೀಟಿಯಲ್ಲಿ ಬರೆಯುವ ಪ್ರತಿಯೊಂದು ಜನಪ್ರಿಯ ದೇವರನಾಮವೂ ಹಿಂದೊಂದು ದಿನ ಯಾರೂ ಬೇಡದ ಹಾಡಾಗಿತ್ತು. ಯಾರೋ ಒಬ್ಬ ಗಾಯಕನು ಧೈರ್ಯಮಾಡಿ ಅದನ್ನು ಆರಿಸಿದ್ದರಿಂದಲೇ ಅದು ನಮ್ಮ ಕಿವಿಗೆ ಬಿತ್ತು.

ಮೈಸೂರಿನ ಬಿಡಾರಂ ಕೃಷ್ಣಪ್ಪನವರನ್ನು ನೆನೆಯಿರಿ. 1866ರಿಂದ 1931ರವರೆಗೆ ಬಾಳಿದ ಈ ಆಸ್ಥಾನ ವಿದ್ವಾಂಸರು, ತೆಲುಗು ಮತ್ತು ಸಂಸ್ಕೃತ ಕೃತಿಗಳೇ ಕಛೇರಿಯ ಸರ್ವಸ್ವವೆನಿಸಿದ್ದ ಕಾಲದಲ್ಲಿ, ಕನ್ನಡ ದೇವರನಾಮಗಳಿಗೆ ವೇದಿಕೆಯಲ್ಲಿ ಮರ್ಯಾದೆಯ ಸ್ಥಾನ ದೊರಕಿಸಿದವರಲ್ಲಿ ಅಗ್ರಗಣ್ಯರು. ಭಜನೆಯ ಮನೆಯ ಹಾಡನ್ನು ವಿದ್ವತ್ಸಭೆಗೆ ತರಬೇಕಾದರೆ ವಿದ್ವತ್ತಿನ ಬಲವೂ ಬೇಕಾಗಿತ್ತು. ಮುಂದೆ ಗ್ರಾಮಫೋನು ಬಂತು. ಮದರಾಸಿನ ವೇದಿಕೆಗಳಲ್ಲಿ ಎಂ. ಎಲ್. ವಸಂತಕುಮಾರಿಯವರು ಪುರಂದರದಾಸರ ಪದಗಳನ್ನು ಪ್ರೀತಿಯಿಂದ ಹಾಡಿ ಕನ್ನಡ ಬಾರದವರ ಮನೆಗಳಿಗೂ ಮುಟ್ಟಿಸಿದರು. ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ದಾಸವಾಣಿಯನ್ನು ಹಿಂದೂಸ್ತಾನಿ ಕಂಠದಲ್ಲಿ ಹಾಡಿದಾಗ ಉತ್ತರದವರೂ 'ಭಾಗ್ಯದ ಲಕ್ಷ್ಮೀ'ಯನ್ನು ತಮ್ಮವಳೆಂದುಕೊಂಡರು. ದಕ್ಷಿಣದಲ್ಲಿ ಮಧ್ಯಮಾವತಿಯಲ್ಲಿ ಮಂಗಳಕರವಾಗಿ ಕೇಳಿಬರುತ್ತಿದ್ದ ಆ ಹಾಡು ಅವರ ದನಿಯಲ್ಲಿ ಬೇರೊಂದು ಉಡುಗೆ ತೊಟ್ಟು ಬಂತು. ಇವರೆಲ್ಲರೂ ಚೀಟಿ ಬರುವವರೆಗೆ ಕಾದಿದ್ದರೆ ಇಂದು ನಮ್ಮ ಚೀಟಿಯಲ್ಲಿ ಬರೆಯಲು ಏನಿರುತ್ತಿತ್ತು?

ಇನ್ನು ಸಂಗೀತಗಾರನು ಕಲಿಯುವ ಬಗೆಯನ್ನು ನೋಡೋಣ. ಆಯ್ಕೆಯ ನೀತಿ ಕಲಿಕೆಯ ರೀತಿಯಲ್ಲೇ ಅಡಗಿದೆಯೆಂದು ನನ್ನ ಭಾವನೆ.

ಗುರುಮುಖೇನ ಕಲಿಯುವಾಗ ಶಿಷ್ಯನಿಗೆ ಆಯ್ಕೆಯೇ ಇಲ್ಲ. ಯಾವ ಹಾಡು, ಯಾವ ರಾಗ, ಎಷ್ಟು ದಿನ ಎಂಬುದೆಲ್ಲ ಗುರುವಿನ ಇಚ್ಛೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಒಂದೊಂದು ಸ್ವರಪುಂಜವನ್ನೇ ದಿನಗಟ್ಟಲೆ ತಿದ್ದಿಸುವ, ಕೆಲವೇ ರಾಗಗಳನ್ನು ಆಳವಾಗಿ ಕಲಿಸುವ ಶಿಕ್ಷಣವದು. ಅದಕ್ಕೂ ಮೊದಲು ಅವರು 1930ರ ದಶಕದ ಆರಂಭದಲ್ಲಿ ಮುಂಬಯಿಗೆ ಬಂದು ಗ್ರಾಮಫೋನಿಗೆ ಲಘುಗೀತೆಗಳನ್ನು ಹಾಡಿದ್ದರು, ಜನ ಮೆಚ್ಚಿದ್ದರು. ಆ ದಾರಿ ತೆರೆದೇ ಇತ್ತು. ಆದರೂ ಅವರು ಖಯಾಲ್ ಗಾಯನಕ್ಕೇ ತಮ್ಮನ್ನು ಮೀಸಲಿಟ್ಟುಕೊಂಡರು. ಈ ಆಯ್ಕೆಯ ಹಿಂದೆ ಇನ್ನೊಂದು ತ್ಯಾಗವಿದೆ. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ನುರಿತ ಗಾಯಕಿ. ಅಬ್ದುಲ್ ಕರೀಂಖಾನರಂಥವರು ಕುಳಿತು ಕೇಳುತ್ತಿದ್ದ ಕಂಠ ಅವರದು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡುಗಾರಿಕೆ ಮಗಳ ಕಿವಿಯಲ್ಲಿ ಬೆರೆತು ಅವಳ ಕಲಿಕೆಗೆ ಅಡ್ಡಿಯಾಗಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಯಾವ ಹಾಡನ್ನು ಹಾಡಬೇಕೆಂಬ ಪ್ರಶ್ನೆಗೆ, ತಾನು ಯಾವುದನ್ನೂ ಹಾಡದಿರುವುದೇ ಉತ್ತರವೆಂದು ಕಂಡುಕೊಂಡ ಆ ತಾಯಿಯ ಮೌನವೂ ಒಂದು ಗಾನಸೇವೆಯೇ ಎಂದು ನಾನು ತಿಳಿಯುತ್ತೇನೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ಇಲ್ಲಿ ಸ್ಮರಿಸಬೇಕು. ಅಂಧರಾದ ಪಂಚಾಕ್ಷರ ಗವಾಯಿಗಳೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೆ ನೀಡಿದ ಸ್ಥಳವದು. ಬರೆದುಕೊಳ್ಳಲಾಗದ ಮಗುವಿಗೆ ಗುರುವಿನ ಬಾಯಿಯೇ ಪುಸ್ತಕ, ತನ್ನ ನೆನಪೇ ಹಾಳೆ. ಅಲ್ಲಿ ಹಾಡೊಂದನ್ನು ಪಡೆಯುವುದೆಂದರೆ ಅದನ್ನು ಒಡಲೊಳಗೆ ಇಳಿಸಿಕೊಳ್ಳುವುದು. ಹಾಗೆ ಇಳಿಸಿಕೊಂಡ ಮೇಲೆ ಶಿಷ್ಯನಿಗೆ ಆರಿಸುವ ಅಧಿಕಾರ ಬರುತ್ತದೆ. ಕಲಿಕೆ ಮೊದಲು, ಆಯ್ಕೆ ಅನಂತರ ಎಂಬುದೇ ಹಿಂದಿನ ಕ್ರಮ.

ಯಂತ್ರಗಳು ಈ ಕ್ರಮವನ್ನು ತಿರುವುಹಾಕಿವೆ. ಇಂದು ಅಂಗೈಯಗಲದ ಫೋನಿನಲ್ಲಿ ಲಕ್ಷ ಹಾಡುಗಳಿವೆ. ಹುಡುಗ ಮೊದಲು ಆರಿಸುತ್ತಾನೆ, ಅನಂತರ ಕಲಿಯುತ್ತಾನೆ. ಆರಿಸುವುದಂತೂ ಈಗಾಗಲೇ ಹೆಚ್ಚು ಜನ ಕೇಳಿದ್ದನ್ನು. ಹೆಚ್ಚು ಜನ ಕೇಳಿದ್ದರಿಂದ ಅದು ಮೊದಲು ಕಾಣುತ್ತದೆ, ಮೊದಲು ಕಂಡದ್ದರಿಂದ ಇನ್ನೂ ಹೆಚ್ಚು ಜನ ಕೇಳುತ್ತಾರೆ. ಗಾಣದ ಎತ್ತಿನಂತೆ ಹತ್ತು ಹಾಡುಗಳ ಸುತ್ತಲೇ ಸುತ್ತುತ್ತೇವೆ. ಆದರೆ ಯಂತ್ರವನ್ನೇ ಹಳಿದು ಪ್ರಯೋಜನವಿಲ್ಲ. ಭೀಮಸೇನ ಜೋಶಿಯವರ ಬಾಲ್ಯದ ಕಥೆ ಎಲ್ಲರಿಗೂ ಗೊತ್ತು. ಅಬ್ದುಲ್ ಕರೀಂಖಾನರ ಠುಮ್ರಿಯ ತಟ್ಟೆಯೊಂದನ್ನು ಗದಗಿನ ಆ ಹುಡುಗ ಕೇಳಿದ. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟ. ಟಿಕೇಟಿಲ್ಲದ ರೈಲುಗಳಲ್ಲಿ ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು, ಕೊನೆಗೆ ತನ್ನ ಊರಿನ ಸಮೀಪದಲ್ಲೇ ಇದ್ದ ಕುಂದಗೋಳದ ಸವಾಯಿ ಗಂಧರ್ವರ ಪಾದ ಸೇರಿದ. ಅವನು ಕೇಳಿದ್ದು ಜನಪ್ರಿಯ ಹಾಡನ್ನೇ, ಕೇಳಿದ್ದು ಯಂತ್ರದಿಂದಲೇ. ಆದರೆ ಆ ತಟ್ಟೆ ಅವನ ಹಸಿವನ್ನು ತಣಿಸಲಿಲ್ಲ, ಕೆರಳಿಸಿತು. ತಟ್ಟೆಯನ್ನೇ ಅನುಕರಿಸಿ ಅವನು ಅಲ್ಲೇ ಕುಳಿತಿದ್ದರೆ ಊರಿನ ಸಮಾರಂಭಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಹುಡುಗನೊಬ್ಬನು ನಮಗೆ ಸಿಗುತ್ತಿದ್ದನು, ಭೀಮಸೇನರು ಸಿಗುತ್ತಿರಲಿಲ್ಲ.

ಗಾನದಲ್ಲಿ ಶ್ರೇಯಸ್ಸು ಪ್ರೇಯಸ್ಸುಗಳನ್ನು ಬೇರ್ಪಡಿಸುವ ಒರೆಗಲ್ಲು ಇಲ್ಲೇ ದೊರೆಯುತ್ತದೆಂದು ನನಗನಿಸುತ್ತದೆ. ಯಾವ ಹಾಡು ಕೇಳಿದವನನ್ನು ಇನ್ನೂ ಮುಂದಕ್ಕೆ ನಡೆಯುವಂತೆ ಮಾಡುತ್ತದೆಯೋ, ಅದು ಎಷ್ಟೇ ಸರಳವಾಗಿರಲಿ, ಎಷ್ಟೇ ಪ್ರಸಿದ್ಧವಾಗಿರಲಿ, ಶ್ರೇಯಸ್ಸಿನದು. ಯಾವುದು ಅವನನ್ನು 'ಇಷ್ಟು ಸಾಕು' ಎಂದು ಅಲ್ಲೇ ಕುಳ್ಳಿರಿಸುತ್ತದೆಯೋ, ಅದು ಎಷ್ಟೇ ಪ್ರೌಢವಾಗಿರಲಿ, ಪ್ರೇಯಸ್ಸಿನದು. ಒಂದೇ ಹಾಡು ಒಬ್ಬನಿಗೆ ಬಾಗಿಲಾಗಬಹುದು, ಮತ್ತೊಬ್ಬನಿಗೆ ಗೋಡೆಯಾಗಬಹುದು.

ದಾಸರ ಪದಗಳ ವಿಷಯದಲ್ಲಿ ಗಾಯಕನ ಹೊಣೆ ಇನ್ನೂ ಒಂದು ತೂಕ ಹೆಚ್ಚಿನದು. ತ್ಯಾಗರಾಜರು 1847ರಲ್ಲಿ ಸಿದ್ಧಿಯನ್ನೈದಿದರು. ಅವರ ಕೃತಿಗಳು ಶಿಷ್ಯಪರಂಪರೆಯ ಮೂಲಕ ರಾಗತಾಳಗಳೊಡನೆ ನಮಗೆ ಬಂದವು. ಪುರಂದರದಾಸರಾದರೋ 1564ರಷ್ಟು ಹಿಂದಿನವರು. ಸಂಪ್ರದಾಯವು ಅವರ ರಚನೆಗಳು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರವೆಂದು ಹೇಳುತ್ತದೆ. ನಮಗೆ ಉಳಿದಿರುವುದು ಸುಮಾರು ಒಂದು ಸಾವಿರದಷ್ಟು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಹೆರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಅಚ್ಚು ಹಾಕಿಸಿದರು; ಮುಂದೆ ಅನೇಕ ವಿದ್ವಾಂಸರು ಆ ಕಾರ್ಯವನ್ನು ಬೆಳೆಸಿದರು. ಅಚ್ಚಿನಲ್ಲಿ ಮಾತು ಉಳಿಯಿತು. ದಾಸರು ಹಾಡಿದ ಧಾಟಿ ಬಹುಪಾಲು ಉಳಿಯಲಿಲ್ಲ. ಒಂದೇ ಪದವನ್ನು ಮೈಸೂರಿನವರು ಒಂದು ರಾಗದಲ್ಲೂ ಧಾರವಾಡದವರು ಮತ್ತೊಂದರಲ್ಲೂ ಉಡುಪಿಯ ಭಜನೆಯವರು ಮೂರನೆಯದರಲ್ಲೂ ಹಾಡುವುದಕ್ಕೆ ಇದೇ ಕಾರಣ. ಆದುದರಿಂದ ಪದವನ್ನು ಹಾಡುವವನು ಹಾಡನ್ನು ಮಾತ್ರ ಆರಿಸುವುದಿಲ್ಲ. ಮಾತಿನ ಭಾವಕ್ಕೆ ಒಪ್ಪುವ ರಾಗವನ್ನೂ ಆರಿಸಿ, ದಾಸರ ಅರ್ಧ ಕೆಲಸವನ್ನು ತಾನು ವಹಿಸಿಕೊಳ್ಳುತ್ತಾನೆ. ಪಶ್ಚಾತ್ತಾಪದ ಪದಕ್ಕೆ ಕುಣಿಯುವ ರಾಗ ಕಟ್ಟಿದರೆ ಕೇಳುವವರಿಗೆ ಹಿತವಾಗಬಹುದು, ಆದರೆ ದಾಸರಿಗೆ ಅಪಚಾರವಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ಐದಾರು ನುಡಿಗಳ ಪದ ಅದರಲ್ಲಿ ಹಿಡಿಯುವುದಿಲ್ಲ. ಪಲ್ಲವಿ, ಅನುಪಲ್ಲವಿ, ಮೊದಲ ನುಡಿ, ಅಂಕಿತದ ನುಡಿ ಇಷ್ಟನ್ನು ಹಾಡಿ ಮುಗಿಸುವ ವಾಡಿಕೆಗೆ ಆ ತಟ್ಟೆಯೂ ಒಂದು ಕಾರಣವಾಯಿತು. ತಟ್ಟೆ ಹೋಯಿತು, ವಾಡಿಕೆ ನಿಂತಿತು. ಈಗ ಗಂಟೆಗಟ್ಟಲೆ ಸಮಯವಿದ್ದರೂ ನಡುವಿನ ನುಡಿಗಳನ್ನು ಹಾಡುವವರು ವಿರಳ. ದಾಸರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದೂ, ಸಮಾಜದ ಡಂಭವನ್ನು ತಿವಿಯುವುದೂ ಅನೇಕವೇಳೆ ಆ ನಡುವಿನ ನುಡಿಗಳಲ್ಲೇ. ಅವನ್ನು ಬಿಟ್ಟರೆ ಉಳಿಯುವುದು ಸ್ತುತಿ ಮಾತ್ರ. ಸ್ತುತಿ ಯಾರಿಗೂ ನೋಯಿಸುವುದಿಲ್ಲ. ಆದ್ದರಿಂದಲೇ ಅದು ಜನಪ್ರಿಯ. ಹಾಡಿನ ಆಯ್ಕೆಯಷ್ಟೇ ನುಡಿಯ ಆಯ್ಕೆಯೂ ಧರ್ಮಸೂಕ್ಷ್ಮವಾದುದು.

ಇಷ್ಟೆಲ್ಲವನ್ನೂ ಗಾಯಕನ ಕರ್ತವ್ಯವೆಂದು ಬರೆದು ಲೇಖನವನ್ನು ಮುಗಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಆ ಸಂಜೆಯ ಚೀಟಿಗಳಲ್ಲಿ ಒಂದು ನನ್ನ ಕೈಬರಹದ್ದೇ ಆಗಿತ್ತು. ಅವರ ಸುಳಾದಿಯ ಮಾತು ಕೇಳಿದ ಮೇಲಾದರೂ, "ನಾಳೆ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ದೇವರ ಮುಂದೆ ಕುಳಿತು ಹಾಡಿ, ನಾವು ನಾಲ್ಕು ಜನ ಕೇಳುತ್ತೇವೆ" ಎಂದು ಕರೆಯಬಹುದಾಗಿತ್ತು. ಕರೆಯಲಿಲ್ಲ. ಮರುದಿನ ಕಛೇರಿಗೆ ಹೋಗುವುದಿತ್ತು, ಸಮಿತಿಯ ಲೆಕ್ಕಪತ್ರ ನೋಡುವುದಿತ್ತು. 'ಮುಂದಿನ ವರ್ಷ ನೋಡೋಣ' ಎಂದುಕೊಂಡೆ. ಮುಂದಿನ ವರ್ಷದ ದಸರೆಗೆ ಮುನ್ನವೇ ಅವರು ಕಾಲವಾದ ಸುದ್ದಿ ಬಂತು. ಆ ಸುಳಾದಿ ಯಾವ ಶಿಷ್ಯನ ಕಂಠದಲ್ಲಾದರೂ ಉಳಿದಿರಲೆಂದು ಹಾರೈಸುವುದಷ್ಟೇ ಈಗ ನನ್ನ ಪಾಲಿಗೆ ಉಳಿದಿದೆ.

ಮನೆಯೊಳಗೂ ನಾನು ಇದೇ ತಪ್ಪನ್ನು ಮಾಡಿದ್ದೇನೆ. ನಮ್ಮ ತಾಯಿ ನವರಾತ್ರಿಯ ಒಂಬತ್ತು ದಿನವೂ ಸಂಜೆ ಬೊಂಬೆಗಳ ಮುಂದೆ ಆರತಿ ಎತ್ತುವಾಗ ಒಂದು ದೇವಿಯ ಪದ ಹಾಡುತ್ತಿದ್ದಳು. ಅದು ಯಾವ ಕಛೇರಿಯಲ್ಲೂ ಕೇಳಿಬಂದದ್ದಲ್ಲ, ಯಾವ ರೇಡಿಯೋದಲ್ಲೂ ಬಂದದ್ದಲ್ಲ. ಅವಳ ಅತ್ತೆಯಿಂದ ಅವಳಿಗೆ ಬಂದದ್ದು. ನಾನು ಚಿಕ್ಕವನಿದ್ದಾಗ, "ಅಮ್ಮಾ, ಅದು ಬೇಡ, ರೇಡಿಯೋದಲ್ಲಿ ಬರುತ್ತದಲ್ಲ, ಆ ಹಾಡು ಹೇಳು" ಎಂದು ಪೀಡಿಸುತ್ತಿದ್ದೆ. ಬರಬರುತ್ತ ಅವಳೂ ರೇಡಿಯೋದ ಹಾಡನ್ನೇ ಹೇಳತೊಡಗಿದಳು. ಅವಳು ತೀರಿಕೊಂಡು ಬಹುಕಾಲದ ಮೇಲೆ, ಒಂದು ಹಳೆಯ ಪದಗಳ ಪುಸ್ತಕದಲ್ಲಿ ಆ ಹಾಡು ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಐದು ನುಡಿಗಳೂ ಇದ್ದವು. ಓದಿದೆ, ಮಾತುಗಳೆಲ್ಲ ನೆನಪಿಗೆ ಬಂದವು. ಹಾಡಹೊರಟರೆ ಧಾಟಿ ಬರಲಿಲ್ಲ. ಪಲ್ಲವಿಯ ಮೊದಲ ಎಳೆತದವರೆಗೆ ಹೋಗಿ ಸ್ವರ ರೇಡಿಯೋದ ಹಾಡಿನ ಕಡೆಗೆ ಜಾರಿಕೊಳ್ಳುತ್ತಿತ್ತು. ಅಕ್ಕನಿಗೆ ಪತ್ರ ಬರೆದು ಕೇಳಿದೆ. ಅವಳಿಗೂ ಅಷ್ಟೇ ನೆನಪಿತ್ತು. ದಾಸರ ಧಾಟಿ ಹೇಗೆ ಕಳೆಯಿತೆಂದು ಶತಮಾನಗಳನ್ನು ದೂರುವ ನನಗೆ, ಅದು ಕಳೆಯುವ ಬಗೆ ನನ್ನ ಮನೆಯಲ್ಲೇ ಕಂಡಿತು. ಯಾರೂ ಅದನ್ನು ನಾಶಮಾಡಲಿಲ್ಲ. ಒಂದು ಮಗು ಮತ್ತೊಂದು ಹಾಡನ್ನು ಬೇಡಿತು, ತಾಯಿ ಮಗುವಿನ ಮಾತನ್ನು ನಡೆಸಿಕೊಟ್ಟಳು, ಅಷ್ಟೇ.

ಪ್ರೇಯಸ್ಸಿನ ಸ್ವಭಾವವೇ ಇದು. ಅದು ವೈರಿಯ ವೇಷದಲ್ಲಿ ಬರುವುದಿಲ್ಲ. ಮಕ್ಕಳ ಆಸೆಯಾಗಿ, ಸಭಿಕರ ಪ್ರೀತಿಯಾಗಿ, ತಾಯಿಯ ವಾತ್ಸಲ್ಯವಾಗಿ ಬರುತ್ತದೆ. ಅದನ್ನು ಹಗೆಯೆಂದು ತಳ್ಳಬೇಕಾಗಿಲ್ಲ. ಅದರ ಪಕ್ಕದಲ್ಲಿ ಇನ್ನೊಂದಕ್ಕೂ ಮಣೆ ಹಾಕಿದರೆ ಸಾಕು.

ಪರಸ್ಥಳದಲ್ಲಿರುವ ನಮಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಊರಿನಲ್ಲಾದರೆ ಒಂದು ಹಾಡು ನಮ್ಮ ಮನೆಯಲ್ಲಿ ಮರೆತರೂ ಪಕ್ಕದ ಮನೆಯಲ್ಲಿ, ಮಠದಲ್ಲಿ, ಭಜನೆಯ ಮನೆಯಲ್ಲಿ ಉಳಿದೀತು. ಇಲ್ಲಿ ನಾವು ಮರೆತರೆ ಮರೆತಂತೆಯೇ. ವರ್ಷಕ್ಕೊಮ್ಮೆ ಸೇರಿ, ನಾವು ಕನ್ನಡಿಗರೆಂದು ನೆನಪಿಸಿಕೊಳ್ಳಲು ಎಲ್ಲರಿಗೂ ತಿಳಿದ ಹಾಡೇ ಬೇಕೆಂಬುದು ಸಹಜ. ಸಾವಿರ ಕಂಠ ಒಂದಾಗಿ ಹಾಡುವ ಆ ಹಾಡಿನಲ್ಲಿ ನಮ್ಮ ಒಗ್ಗಟ್ಟಿದೆ, ಅದನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಒಗ್ಗಟ್ಟಿಗೆ ಒಂದು ಹಾಡು ಸಾಕು, ಪರಂಪರೆಗೆ ಸಾಲದು.

ಆದುದರಿಂದ ಈ ವಿಜಯದಶಮಿಯಂದು, ಪೂಜೆಗಿಟ್ಟ ಪುಸ್ತಕವನ್ನೂ ತಂಬೂರಿಯನ್ನೂ ಮತ್ತೆ ಕೈಗೆತ್ತಿಕೊಳ್ಳುವಾಗ, ಸಹೃದಯ ಬಾಂಧವರಲ್ಲಿ ನನ್ನದೊಂದು ಬಿನ್ನಹ. ಪ್ರತಿ ಮನೆಯಲ್ಲೂ ಹಿರಿಯರೊಬ್ಬರ ಕಂಠದಲ್ಲಿ ಯಾರೂ ಬೇಡದ ಒಂದು ಹಾಡಿರುತ್ತದೆ. ಈ ವರ್ಷ ಅದನ್ನು ಬೇಡೋಣ. ಎಲ್ಲ ನುಡಿಗಳನ್ನೂ ಹಾಡಿಸಿ ಕೇಳಿ, ಮನೆಯ ಮಗುವೊಂದಕ್ಕೆ ಕಲಿಸೋಣ. ಬರಿಯ ಯಂತ್ರದಲ್ಲಿ ಹಿಡಿದಿಟ್ಟರೆ ಸಾಲದು, ಮಗುವಿನ ಬಾಯಲ್ಲಿ ಬರಬೇಕು. ಉತ್ಸವಕ್ಕೆ ಬರುವ ವಿದ್ವಾಂಸರಿಗೆ ಚೀಟಿ ಕಳುಹಿಸುವುದಾದರೆ ಅದರಲ್ಲಿ ಒಂದನ್ನಾದರೂ ಹೀಗೆ ಬರೆಯೋಣ: 'ತಮ್ಮ ಗುರುಗಳು ಕಲಿಸಿದ್ದು, ತಾವು ಬಹಳ ದಿನದಿಂದ ಹಾಡದಿರುವುದು ಯಾವುದೋ ಅದನ್ನು ಹಾಡಬೇಕು.' ಅದು ನಮಗೆ ಪೂರ್ತಿ ಅರ್ಥವಾಗದಿರಬಹುದು, ಮಧ್ಯದಲ್ಲಿ ಆಕಳಿಕೆಯೂ ಬರಬಹುದು. ಚಿಂತೆಯಿಲ್ಲ. ನಚಿಕೇತನೂ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಹಸಿದು ಕಾದಿದ್ದನು.

ಹಾಡುವವನಿಗೆ ಧೈರ್ಯವನ್ನೂ ಕೇಳುವವನಿಗೆ ತಾಳ್ಮೆಯನ್ನೂ ವೀಣಾಪಾಣಿಯಾದ ಶಾರದೆ ಅನುಗ್ರಹಿಸಲಿ. ನಮ್ಮ ತಾಯಿಯ ಹಾಡಿನ ಧಾಟಿ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಅದು ಈ ನವರಾತ್ರಿಯಲ್ಲಿ ಅವರ ಆರತಿಯ ತಟ್ಟೆಯ ಮುಂದೆ ಮೊಳಗಲಿ.